1:35 ಟಿ-55: ಛಂಬ್ ರಣರಂಗದ ಟ್ಯಾಂಕಿಗೆ ಎಷ್ಟು ಧೂಳು, ಎಷ್ಟು ತುಕ್ಕು?

ಬಸವನಗುಡಿ_ಸ್ಪ್ರೂ

ಎಲ್ಲರಿಗೂ ನಮಸ್ಕಾರ. ಟಾಮಿಯಾ ಕಂಪನಿಯ 1:35 ಅಳತೆಯ (ನಿಜಗಾತ್ರದ 35ರಲ್ಲಿ ಒಂದು ಪಾಲು) ಟಿ-55ಎ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯ ಕಿಟ್ಟಿನ ಒಡಲು ಮತ್ತು ಟರೆಟ್ಟಿನ (ತೋಪು ಇರುವ, ತಿರುಗುವ ಮೇಲ್ಭಾಗದ) ಜೋಡಣೆ ಮುಗಿಯುತ್ತ ಬಂದಿದೆ. ಬಣ್ಣಕ್ಕೆ ಕೈ ಹಾಕುವ ಮೊದಲು ತಿಳಿದವರ ಅಭಿಪ್ರಾಯ ಕೇಳಿಕೊಳ್ಳುವುದು ಒಳ್ಳೆಯದೆಂದು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಸೋವಿಯತ್ ಸೇನೆಯ ಟ್ಯಾಂಕನ್ನಾಗಿ ಮಾಡುವ ಮನಸ್ಸು ನನಗಿಲ್ಲ. 1971ರ ಡಿಸೆಂಬರಿನ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಜಮ್ಮು ಕಡೆಯ ಛಂಬ್ ವಲಯದಲ್ಲಿ ಹೋರಾಡಿದ ನಮ್ಮ 72 ಆರ್ಮರ್ಡ್ ರೆಜಿಮೆಂಟಿನ ಟಿ-55 ಒಂದನ್ನು, ಮುನವ್ವರ್ ತವಿ ನದಿಯ ದಂಡೆಯಲ್ಲಿ ನಿಂತಿರುವಂತೆ, ಅಂಗೈಯಗಲದ ಸಣ್ಣ ನೆಲಹಾಸಿನ ಮೇಲೆ ತೋರಿಸಬೇಕೆಂಬುದು ಉದ್ದೇಶ.

ಟರೆಟ್ ಎರಕದ್ದಾದ್ದರಿಂದ ಅದರ ಮೈ ನುಣುಪಾಗಿರಬಾರದು. ಅದಕ್ಕಾಗಿ ಪುಟ್ಟಿಯನ್ನು ಥಿನ್ನರಿನಲ್ಲಿ ಗಂಜಿಯಷ್ಟು ತೆಳುವಾಗಿ ಕಲಸಿ, ಸವೆದ ಗಟ್ಟಿ ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ ಹಚ್ಚಿ, ಒಣಗಿದ ಮೇಲೆ 600ರ ಉಪ್ಪುಕಾಗದದಿಂದ ಮೇಲುಮೇಲಕ್ಕೆ ಉಜ್ಜಿದ್ದೇನೆ. ಆ ಭಾಗ ತೃಪ್ತಿಕರವಾಗಿದೆ. ಮುಂದಿನದ್ದರ ಬಗ್ಗೆಯೇ ನನ್ನ ಗೊಂದಲ. ಯಾವ ಬಣ್ಣದ ಮಣ್ಣು ಹಚ್ಚಬೇಕು, ತುಕ್ಕು ಎಷ್ಟಿರಬೇಕು, ಈ ಮಳೆಗಾಲದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿಯುವುದು ಸರಿಯೇ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಯಲಹಂಕ_ಕ್ಯಾಲಿಪರ್

ಬಣ್ಣದ ಮಾತಿಗೆ ಮೊದಲು ಆಕಾರದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಹೊಡೆದ ಮೇಲೆ ಇವನ್ನು ಸರಿಪಡಿಸುವುದು ಕಷ್ಟ.

ಮೊದಲನೆಯದು, ನಿಮ್ಮ ಕಿಟ್ 'ಎ' ಮಾದರಿಯದು. ವಿಕಿರಣದಿಂದ ಸಿಬ್ಬಂದಿಯನ್ನು ಕಾಪಾಡಲು ಟಿ-55ಎ ಟ್ಯಾಂಕಿಗೆ ಹೆಚ್ಚುವರಿ ಹೊದಿಕೆ ಹಾಕಿದ್ದರಿಂದ ಹ್ಯಾಚುಗಳ (ಒಳಗಿಳಿಯುವ ಬಾಗಿಲುಗಳ) ಸುತ್ತಲಿನ ಅಂಚು ಉಬ್ಬಿಕೊಂಡಂತೆ ಕಾಣುತ್ತದೆ. ಬರಿಯ ಟಿ-55ರಲ್ಲಿ ಆ ಉಬ್ಬು ಇರುವುದಿಲ್ಲ. ಮೇಲಿನ 12.7 ಮಿ.ಮೀ. ಮೆಷಿನ್ ಗನ್ನಿನ ವಿಷಯವೂ ಹಾಗೆಯೇ. ಮೊದಲು ಬಂದ ಟಿ-55ಗಳಲ್ಲಿ ಅದನ್ನು ಕೈಬಿಟ್ಟಿದ್ದರು, ಆಮೇಲೆ ಮತ್ತೆ ಸೇರಿಸಿದರು. ಕಿಟ್ಟಿನಲ್ಲಿ ಇದೆಯೆಂದು ಅಂಟಿಸಬೇಡಿ; ನೀವು ಆಧಾರವಾಗಿಟ್ಟುಕೊಂಡ ಫೋಟೋದಲ್ಲಿರುವ ಗಾಡಿಯಲ್ಲಿ ಇದೆಯೇ ಎಂದು ನೋಡಿ ಅಂಟಿಸಿ.

ಎರಡನೆಯದು ಇನ್ನೂ ಮುಖ್ಯ. ಪಾಕಿಸ್ತಾನದ ಸೇನೆ ಆಗ ಬಳಸುತ್ತಿದ್ದ ಚೀನಾದ ಟೈಪ್-59 ಟ್ಯಾಂಕು ಸೋವಿಯತ್ ಟಿ-54ಎಯ ನಕಲು. ದೂರದಿಂದ ನೋಡಿದರೆ ನಮ್ಮದು ಯಾವುದು, ಅವರದು ಯಾವುದು ಎಂದು ತಿಳಿಯುವಂತಿರಲಿಲ್ಲ. ಆದ್ದರಿಂದ 1971ರಲ್ಲಿ ನಮ್ಮ ಟಿ-54 ಮತ್ತು ಟಿ-55ಗಳ ತೋಪಿನ ಕೊಳವೆಯ ನಡುಭಾಗದಲ್ಲಿ, ಗುಂಡಿನ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಎಕ್ಸ್‌ಟ್ರ್ಯಾಕ್ಟರಿನಂತೆ ಕಾಣುವ ಒಂದು ಹುಸಿ ಉರುಳೆಯನ್ನು ತೊಡಿಸಿದ್ದರು. ಈ ಟ್ಯಾಂಕಿನ ನಿಜವಾದ ಎಕ್ಸ್‌ಟ್ರ್ಯಾಕ್ಟರ್ ಇರುವುದು ಕೊಳವೆಯ ಬಾಯಿಯ ಬಳಿ. ನಡುವೆ ಇನ್ನೊಂದು ಕಂಡರೆ ಅದು ನಮ್ಮ ಗಾಡಿಯೆಂದು ಗುರುತು. ಛಂಬ್ ವಲಯದ ಟ್ಯಾಂಕು ಮಾಡುತ್ತೇನೆಂದು ಹೊರಟವರು ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥವೆಂದೇ ನನ್ನ ಅಭಿಪ್ರಾಯ. ತೆಳುವಾದ ಪ್ಲಾಸ್ಟಿಕ್ ಹಾಳೆಯ ಪಟ್ಟಿಯನ್ನು ಕೊಳವೆಗೆ ಬಿಗಿಯಾಗಿ ಸುತ್ತಿ, ಎರಡೂ ತುದಿಗಳನ್ನು ಪುಟ್ಟಿಯಿಂದ ಇಳಿಜಾರಾಗಿಸಿದರೆ ಸಾಕು. ತೋಪಿನ ಬಾಯಿಯ ವ್ಯಾಸವೇ ನಮ್ಮ ಅಳತೆಯಲ್ಲಿ 3 ಮಿ.ಮೀ.ಗಿಂತ ಕಡಿಮೆಯಿರುವುದರಿಂದ ಪಟ್ಟಿಯನ್ನು ಒಂದು ಸುತ್ತು ಹೆಚ್ಚು ಸುತ್ತಿದರೂ ಅದು ಡೋಲಿನಂತೆ ಕಾಣುತ್ತದೆ ಎಂಬುದನ್ನು ಮರೆಯಬೇಡಿ.

ಕೆಂಗೇರಿ_ವರ್ಣ

ಇಷ್ಟು ಚೆನ್ನಾಗಿ ಕೂಡಿಸಿದ ಟರೆಟ್ಟನ್ನು ಬರಿಯ ಹಸಿರು ಬಳಿದು ಬಿಟ್ಟರೆ ಆಟಿಕೆಯಂತೆ ಕಾಣುತ್ತದೆ. ನನ್ನ ಸಲಹೆಯೆಂದರೆ ಹೇರ್‌ಸ್ಪ್ರೇ ವಿಧಾನ. ಮೊದಲು ಇಡೀ ಮಾದರಿಗೆ ತುಕ್ಕಿನ ಕಂದು ಬಣ್ಣ, ಅದರ ಮೇಲೆ ಎರಡು ತೆಳು ಪದರ ಹೇರ್‌ಸ್ಪ್ರೇ, ಅದರ ಮೇಲೆ ನೀರಿನಲ್ಲಿ ಕಲಸಿದ ಹಸಿರು ಅಕ್ರಿಲಿಕ್. ಹಸಿರು ಒಣಗಿದ ಸ್ವಲ್ಪ ಹೊತ್ತಿನಲ್ಲೇ ಬೆಚ್ಚಗಿನ ನೀರಿನಲ್ಲಿ ಅದ್ದಿದ ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಒಳಗಿನ ಹೇರ್‌ಸ್ಪ್ರೇ ಕರಗಿ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ, ಕೆಳಗಿನ ತುಕ್ಕು ತಾನಾಗಿ ಇಣುಕುತ್ತದೆ. ಲ್ಯಾಕರ್ ಬಣ್ಣದಲ್ಲಿ ಈ ಕೆಲಸ ಸರಿಯಾಗಿ ಆಗುವುದಿಲ್ಲ.

ಮಣ್ಣಿಗಾಗಿ ಹೊರದೇಶದ ಪಿಗ್ಮೆಂಟುಗಳಿಗೆ (ಬಣ್ಣದ ಪುಡಿಗಳಿಗೆ) ದುಡ್ಡು ಸುರಿಯುವ ಅಗತ್ಯವೂ ಇಲ್ಲ. ನಮ್ಮ ಕಡೆ ಎಲ್ಲಿ ಪಾಯ ತೋಡಿದರೂ ಸೊಗಸಾದ ಕೆಮ್ಮಣ್ಣು ಸಿಗುತ್ತದೆ. ಒಣಗಿಸಿ, ಮಲ್ ಬಟ್ಟೆಯಲ್ಲಿ ಸೋಸಿಟ್ಟುಕೊಂಡರೆ ನೂರು ಟ್ಯಾಂಕುಗಳಿಗೆ ಸಾಕಾಗುತ್ತದೆ.

ನಿವೃತ್ತ_ಕಾರ್ಯಾಗಾರ

ನಾನು ಮಾದರಿ ಕಟ್ಟುವುದರಲ್ಲಿ ನಿಮ್ಮೆಲ್ಲರಿಗಿಂತ ಕಿರಿಯ. ಆದರೆ ಸೇನೆಯ ಕಾರ್ಯಾಗಾರಗಳಲ್ಲಿ ಈ ಜಾತಿಯ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ತುಕ್ಕಿನ ವಿಷಯದಲ್ಲಿ ಕೆಂಗೇರಿಯ ಸ್ನೇಹಿತರ ಮಾತನ್ನು ಒಪ್ಪಲಾರೆ.

ಆ ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ, ಅಂದರೆ 13 ದಿನ. ರೆಜಿಮೆಂಟನ್ನು ಕಟ್ಟಿದ್ದೂ ಅದೇ ವರ್ಷ. ಚಾಲ್ತಿಯಲ್ಲಿರುವ ಗಾಡಿಯನ್ನು ಸಿಬ್ಬಂದಿ ದಿನವೂ ಮುಟ್ಟುತ್ತಾರೆ, ಒರೆಸುತ್ತಾರೆ, ಕೀಲೆಣ್ಣೆ ತುಂಬುತ್ತಾರೆ. ಅದಕ್ಕೆ ತುಕ್ಕು ಹಿಡಿಯಲು ಪುರಸೊತ್ತೇ ಇರುವುದಿಲ್ಲ. ಒಡಲಿನ ದಪ್ಪ ಉಕ್ಕಿನ ಮೇಲೆ ಬಣ್ಣ ಹೋದ ಕಡೆ ಒಂದು ರಾತ್ರಿಯ ಇಬ್ಬನಿಗೆ ಕಂದು ಛಾಯೆ ಮೂಡಬಹುದು, ಅಷ್ಟೇ. ಕಿತ್ತಳೆ ಬಣ್ಣದ ತುಕ್ಕು ಗೆರೆಗೆರೆಯಾಗಿ ಇಳಿದಿರಬೇಕಾದರೆ ಗಾಡಿ ವರ್ಷಗಟ್ಟಲೆ ಬಯಲಿನಲ್ಲಿ ನಿಂತಿರಬೇಕು. ಅಂಥದ್ದನ್ನು ಮಾಡಬೇಕೆಂದರೆ ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಟಿ-55 ಅನ್ನು ಮಾದರಿಯಾಗಿಟ್ಟುಕೊಳ್ಳಿ. ಕೊಡಗಿನ ಮಳೆಯಲ್ಲಿ ನಿಂತ ಗಾಡಿಯ ಕಥೆ ಬೇರೆ, ರಣರಂಗದ ಗಾಡಿಯ ಕಥೆ ಬೇರೆ.

ಹಾಗಾದರೆ ಏನು ಕಾಣುತ್ತದೆ? ಮೊದಲು ಎಡಭಾಗದ ಹಿಂದಿನ ಫೆಂಡರ್ (ಟ್ರ್ಯಾಕಿನ ಮೇಲಿನ ತಗಡು) ನೋಡಿ. ಈ ಟ್ಯಾಂಕಿನ ಹೊಗೆ ಹೊರಬರುವುದು ಅಲ್ಲಿಂದ. ಹೊಗೆಪರದೆ ಎಬ್ಬಿಸಲು ಬಿಸಿ ಎಗ್ಸಾಸ್ಟಿನೊಳಕ್ಕೆ ಡೀಸೆಲ್ ಸಿಂಪಡಿಸುವ ಏರ್ಪಾಡು ಟಿ-55ರಲ್ಲಿದ್ದುದರಿಂದ ಆ ಜಾಗದಲ್ಲಿ ಒಣ ಮಸಿಯ ಜೊತೆಗೆ ಜಿಡ್ಡೂ ಸೇರಿಕೊಳ್ಳುತ್ತದೆ. ಜಿಡ್ಡಿನ ಮೇಲೆ ಧೂಳು ಕೂತರೆ ಅದು ಕಪ್ಪೂ ಅಲ್ಲದ ಕಂದೂ ಅಲ್ಲದ ಒಂದು ಅಂಟು ಪದರವಾಗುತ್ತದೆ. ಬಲ ಫೆಂಡರಿನಲ್ಲಿ ಅಂಥ ಮಸಿ ಇರಬಾರದು. ಅಲ್ಲಿರುವುದು ಇಂಧನದ ತೊಟ್ಟಿಗಳು. ಅವುಗಳ ಮುಚ್ಚಳದ ಸುತ್ತ ಡೀಸೆಲ್ ಚೆಲ್ಲಿ ಧೂಳು ತೊಳೆದುಹೋಗಿ, ಹಸಿರು ಬಣ್ಣ ಗಾಢವಾಗಿ, ತುಸು ಹೊಳಪಾಗಿ ಕಾಣುತ್ತದೆ. ಎಡಕ್ಕೂ ಬಲಕ್ಕೂ ಒಂದೇ ರೀತಿಯ ಕೊಳೆ ಬಳಿದ ಟಿ-55 ಮಾದರಿಗಳನ್ನು ಕಂಡಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ.

ಬಣ್ಣ ಸವೆಯುವುದು ಬೂಟು ಉಜ್ಜುವ ಕಡೆ. ಚಾಲಕ ಕೂರುವುದು ಮುಂದೆ ಎಡಕ್ಕೆ, ಆದ್ದರಿಂದ ಅವನ ಹ್ಯಾಚಿನ ಅಂಚು, ಅವನು ಕಾಲಿಟ್ಟು ಹತ್ತುವ ಫೆಂಡರಿನ ಮುಂಭಾಗ, ಟರೆಟ್ ಮೇಲಿನ ಕೈಹಿಡಿಗಳು, ಸಲಕರಣೆ ಪೆಟ್ಟಿಗೆಗಳ ಮುಚ್ಚಳದ ಮೂಲೆಗಳು ಇವಿಷ್ಟೇ ಸವೆದ ಜಾಗಗಳು. ಅಲ್ಲಿ ಬಣ್ಣ ಚಕ್ಕೆಯೇಳುವುದಕ್ಕಿಂತ ಹೆಚ್ಚಾಗಿ ಬಟ್ಟೆಯಿಂದ ತಿಕ್ಕಿದಂತೆ ನಯವಾಗುತ್ತದೆ. ಸೀಸದಕಡ್ಡಿಯ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಸವರಿದರೆ ಆ ಭಾವ ಬರುತ್ತದೆ. ಫೆಂಡರುಗಳು ತೆಳು ತಗಡು. ಅವು ಬೇಗ ಸೊಟ್ಟಗಾಗುತ್ತವೆ, ಸೊಟ್ಟಗಾದ ಕಡೆ ಬಣ್ಣ ಬಿಡುತ್ತದೆ. ಚಕ್ಕೆಯೇಳಿಸುವ ಆಸೆಯಿದ್ದರೆ ಅದನ್ನು ಅಲ್ಲಿಗೆ ಮೀಸಲಿಡಿ.

ಮಲ್ಲೇಶ್ವರ_ಶಿಲೆ

ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವವಳು ನಾನು, ಆದ್ದರಿಂದ ಕೆಮ್ಮಣ್ಣಿನ ಮಾತನ್ನು ಕೇಳಿ ಸುಮ್ಮನಿರಲಾಗಲಿಲ್ಲ.

ಬೆಂಗಳೂರಿನ ಮಣ್ಣು ಕೆಂಪಾಗಿರುವುದು ಇಲ್ಲಿನ ನೈಸ್ ಮತ್ತು ಗ್ರಾನೈಟ್ ಬಂಡೆಗಳು ನಿಂತಲ್ಲೇ ಶಿಥಿಲವಾಗಿ, ಅವುಗಳೊಳಗಿನ ಕಬ್ಬಿಣ ಆಕ್ಸೈಡಾಗಿ ಉಳಿದದ್ದರಿಂದ. ಛಂಬ್ ಪ್ರದೇಶದ ನೆಲ ಹಾಗೆ ಹುಟ್ಟಿದ್ದಲ್ಲ. ಅದು ಶಿವಾಲಿಕ್ ಬೆಟ್ಟಗಳ ತಪ್ಪಲು. ಹೊಳೆಗಳು ಹೊತ್ತು ತಂದ ಮೆಕ್ಕಲು, ಮರಳು ಮತ್ತು ಉರುಟು ಕಲ್ಲುಗಳ ನೆಲ. ಒಣಗಿದಾಗ ಅದರ ಧೂಳು ಬೂದು ಬೆರೆತ ತಿಳಿಗಂದು, ಒದ್ದೆಯಾದಾಗ ಗಾಢ ಕಂದು. ಬೆಂಗಳೂರಿನ ಕೆಮ್ಮಣ್ಣು ಮೆತ್ತಿದ ಟ್ಯಾಂಕನ್ನು ನೋಡಿದವರು ಅದು ಮುನವ್ವರ್ ತವಿ ದಾಟಿ ಬಂದಿತೆಂದು ನಂಬುವುದಿಲ್ಲ, ವರ್ತುಲ ರಸ್ತೆಯ ಕಾಮಗಾರಿಯಿಂದ ಬಂದಿತೆಂದುಕೊಳ್ಳುತ್ತಾರೆ.

ಇನ್ನು ಕಣದ ಗಾತ್ರ. ಅರ್ಧ ಮಿಲಿಮೀಟರಿನ ಮರಳಿನ ಹರಳು 1:35ರಲ್ಲಿ 17.5 ಮಿ.ಮೀ. ಜಲ್ಲಿಯಾಗುತ್ತದೆ. ಆದ್ದರಿಂದ ಯಾವ ಮಣ್ಣನ್ನೇ ಬಳಸಿದರೂ ಒಮ್ಮೆ ಸೋಸಿದರೆ ಸಾಲದು. ನೀರಿನಲ್ಲಿ ಕದಡಿ, ದಪ್ಪ ಕಣಗಳು ಕೆಳಗಿಳಿದ ಮೇಲೆ ಮೇಲಿನ ಕದಡು ನೀರನ್ನು ಬೇರೆ ತಟ್ಟೆಗೆ ಬಸಿದು ಒಣಗಿಸಿ. ತಟ್ಟೆಯಲ್ಲಿ ಉಳಿಯುವ ನಯವಾದ ಪುಡಿ ಟ್ಯಾಂಕಿನ ಮೇಲಿನ ಧೂಳಿಗೆ, ಕೆಳಗಿಳಿದ ಮರಳು ನೆಲಹಾಸಿನ ಜಲ್ಲಿಗೆ. ಬಣ್ಣಕ್ಕಾಗಿ ಮೃದು ಪಾಸ್ಟೆಲ್ ಕಡ್ಡಿಗಳನ್ನು ಉಪ್ಪುಕಾಗದದ ಮೇಲೆ ತಿಕ್ಕಿ ಬೂದು, ತಿಳಿಗಂದು, ತುಸು ಹಳದಿ ಬೆರೆಸಿಕೊಳ್ಳಬಹುದು. ಎಣ್ಣೆಯ ಪಾಸ್ಟೆಲ್ ಕೊಳ್ಳಬೇಡಿ, ಅದು ಪುಡಿಯಾಗುವುದಿಲ್ಲ. ರಂಗೋಲಿ ಪುಡಿಯೂ ಬೇಡ, ಅದರ ಕಣಗಳು ದಪ್ಪವಾಗಿದ್ದು ಬೆಳಕಿಗೆ ಮಿನುಗುತ್ತವೆ.

ಆ ಸೀಮೆಯಲ್ಲಿ ಸರ್ಕಂಡ ಎಂಬ ಎತ್ತರದ ಹುಲ್ಲು ದಟ್ಟವಾಗಿ ಬೆಳೆಯುತ್ತದೆ. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಟ್ರ್ಯಾಕಿನ ಕೆಸರಿನಲ್ಲಿ ಎರಡು ಮೂರು ಎಳೆ ಸಿಕ್ಕಿಸಿದರೆ ಊರು ಯಾವುದೆಂದು ಅದೇ ಹೇಳುತ್ತದೆ.

ಕೆಂಗೇರಿ_ವರ್ಣ

ಮಣ್ಣಿನ ವಿಷಯದಲ್ಲಿ ಮೇಡಂ ಹೇಳಿದ್ದಕ್ಕೆ ಎದುರು ಮಾತಿಲ್ಲ. ತುಕ್ಕಿನ ವಿಷಯದಲ್ಲಿ ಮಾತ್ರ ನನ್ನ ನಿಲುವನ್ನು ಬಿಡಲಾರೆ. ಒಂದು ಅಡಿಗಿಂತ ಚಿಕ್ಕದಾದ ವಸ್ತುವಿನಲ್ಲಿ 36 ಟನ್ ಉಕ್ಕಿನ ಭಾರವನ್ನು ತೋರಿಸಬೇಕಾದರೆ ಸ್ವಲ್ಪ ಉತ್ಪ್ರೇಕ್ಷೆ ಬೇಕೇ ಬೇಕು. ಎಲ್ಲವೂ ವಾಸ್ತವದ ಪ್ರಮಾಣದಲ್ಲೇ ಇರಬೇಕೆಂದು ಹಟ ಹಿಡಿದರೆ ಮೇಜಿನ ಮೇಲೆ ಒಂದು ಹಸಿರು ಗಡ್ಡೆ ಕೂತಿರುತ್ತದೆ.

ಯಲಹಂಕ_ಕ್ಯಾಲಿಪರ್

ಉತ್ಪ್ರೇಕ್ಷೆ ಬೇಕೆಂಬುದು ನಿಜ, ಆದರೆ ಯಾವುದನ್ನು ಹಿಗ್ಗಿಸಬೇಕು ಎಂಬುದಕ್ಕೆ ಲೆಕ್ಕವಿದೆ. ಮಾದರಿಯನ್ನು ನಾವು ಸುಮಾರು 30 ಸೆಂ.ಮೀ. ದೂರದಿಂದ ನೋಡುತ್ತೇವೆ, ಅದು ನಿಜವಾದ ಟ್ಯಾಂಕನ್ನು 10.5 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದಿಂದ ಉಗುರಿನಗಲದ ಚಕ್ಕೆಗಳು ಕಣ್ಣಿಗೆ ಬೀಳುವುದೇ ಕಷ್ಟ. ಕಾಣುವುದು ಬಣ್ಣದ ದೊಡ್ಡ ಏರಿಳಿತ: ಮೇಲ್ಮುಖದ ತಗಡುಗಳು ಬಿಸಿಲಿಗೆ ತಿಳಿಯಾಗಿರುವುದು, ಕೆಳಗಿನ ಭಾಗ ಧೂಳಿಗೆ ಮಾಸಿರುವುದು, ಒಂದು ತೊಟ್ಟಿಗೂ ಪಕ್ಕದ ತೊಟ್ಟಿಗೂ ಇರುವ ಛಾಯೆಯ ವ್ಯತ್ಯಾಸ. ಹಿಗ್ಗಿಸುವುದಿದ್ದರೆ ಇವನ್ನು ಹಿಗ್ಗಿಸಿ. ಬಿಳಿ, ತಿಳಿಹಳದಿ, ಗಾಢ ಕಂದು ಎಣ್ಣೆಬಣ್ಣಗಳ ಚುಕ್ಕಿಗಳನ್ನು ತಗಡಿನ ಮೇಲಿಟ್ಟು, ವೈಟ್ ಸ್ಪಿರಿಟ್ಟಿನಲ್ಲಿ ಒದ್ದೆ ಮಾಡಿ ಹಿಂಡಿದ ಚಪ್ಪಟೆ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಎಳೆದರೆ ಒಂದೇ ಹಸಿರಿನಲ್ಲಿ ನಾಲ್ಕು ಹಸಿರು ಹುಟ್ಟುತ್ತವೆ. ಎಣ್ಣೆಬಣ್ಣವನ್ನು ಟ್ಯೂಬಿನಿಂದ ನೇರವಾಗಿ ಬಳಸದೆ ರಟ್ಟಿನ ಚೂರಿನ ಮೇಲೆ ಅರ್ಧ ಗಂಟೆ ಬಿಡಬೇಕು. ರಟ್ಟು ಅಗಸೆ ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಬಣ್ಣ ಬೇಗ ಒಣಗುತ್ತದೆ, ಹೊಳಪೂ ಉಳಿಯುವುದಿಲ್ಲ. ಅವೆನ್ಯೂ ರಸ್ತೆಯಲ್ಲಿ ಸಿಗುವ ಕ್ಯಾಮೆಲ್ ಎಣ್ಣೆಬಣ್ಣಗಳೇ ಇದಕ್ಕೆ ಧಾರಾಳವಾಗಿ ಸಾಕು.

ಬಸವನಗುಡಿ_ಸ್ಪ್ರೂ

ಹುಸಿ ಉರುಳೆಯ ವಿಷಯ ತಿಳಿಸಿದ್ದಕ್ಕೆ ಕ್ಯಾಲಿಪರ್ ಅವರಿಗೆ, ಎಡ ಬಲಗಳ ವ್ಯತ್ಯಾಸ ತಿಳಿಸಿದ್ದಕ್ಕೆ ಕಾರ್ಯಾಗಾರದ ಹಿರಿಯರಿಗೆ, ಮಣ್ಣಿನ ಪಾಠಕ್ಕೆ ಮೇಡಂ ಅವರಿಗೆ ಕೃತಜ್ಞತೆಗಳು. ಮಳೆಯ ಪ್ರಶ್ನೆ ಹಾಗೆಯೇ ಉಳಿದಿದೆ. ನಮ್ಮದು ಮೂರನೇ ಮಹಡಿಯ ಚಿಕ್ಕ ಫ್ಲ್ಯಾಟು. ಬಾಲ್ಕನಿಯಲ್ಲಿ ಕೂತು ಬಣ್ಣ ಹೊಡೆಯಬೇಕು. ಸಂಜೆಯಾದರೆ ಮೋಡ ಕವಿಯುತ್ತದೆ. ವೈಟ್ ಸ್ಪಿರಿಟ್ ಬದಲು ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್ ಬಳಸಬಹುದೇ ಎಂಬುದನ್ನೂ ತಿಳಿಸಬೇಕು.

ಪೀಣ್ಯ_ಪಿಎಸ್‌ಐ

ಏರ್‌ಬ್ರಷ್ ವಿಷಯವಾದ್ದರಿಂದ ನಾನು ಹೇಳುತ್ತೇನೆ.

ಲ್ಯಾಕರ್ ಬಣ್ಣವನ್ನು ಮಳೆಯ ಹೊತ್ತಿನಲ್ಲಿ ಹೊಡೆಯಬೇಡಿ. ಅದರ ಥಿನ್ನರ್ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾಗಿದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ನೀರು ಹನಿಗಟ್ಟಿ ಒಣಗುವ ಬಣ್ಣದೊಳಗೆ ಸಿಕ್ಕಿಕೊಂಡು ಬಿಳಿಯ ಮಂಜು ಮುಸುಕಿದಂತಾಗುತ್ತದೆ. ಮ್ಯಾಟ್ ವಾರ್ನಿಷ್ ಕೊಡುವಾಗ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ನಿಧಾನವಾಗಿ ಆವಿಯಾಗುವ ರಿಟಾರ್ಡರ್ ಬೆರೆತ ಥಿನ್ನರ್ ಬಳಸಿದರೆ ಸ್ವಲ್ಪ ಮಟ್ಟಿಗೆ ತಪ್ಪುತ್ತದೆ, ಆದರೆ ಬೆಂಗಳೂರಿನಲ್ಲಿ ಜೂನಿನಿಂದ ಅಕ್ಟೋಬರಿನವರೆಗೂ ನಡುನಡುವೆ ಬಿಸಿಲು ಬಿಡುವ ದಿನಗಳು ಇದ್ದೇ ಇರುತ್ತವೆ. ಅಂಥ ದಿನದ ನಡುಹಗಲನ್ನು ಕಾಯುವುದೇ ಲೇಸು. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವ ನೀರಾಗಿ ಇಳಿಯುವುದರಿಂದ ಕೊಳವೆಗೆ ನೀರು ಹಿಡಿಯುವ ಬಟ್ಟಲು ಕಡ್ಡಾಯ. ಅದನ್ನು ಆಗಾಗ ಖಾಲಿ ಮಾಡದಿದ್ದರೆ ಬಣ್ಣದ ನಡುವೆ ನೀರಿನ ಹನಿ ಉಗುಳುತ್ತದೆ. 0.3 ಮಿ.ಮೀ. ಸೂಜಿಗೆ 15ರಿಂದ 20 ಪಿಎಸ್‌ಐ ಒತ್ತಡ ಸಾಕು.

ಟರ್ಪೆಂಟೈನ್ ಬಗ್ಗೆ ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಟರ್ಪೆಂಟೈನಿನ ಕಟುತ್ವ ಒಂದೊಂದು ಕಡೆ ಒಂದೊಂದು ಥರ. ಅದು ಬರಿಯ ಪ್ಲಾಸ್ಟಿಕ್ಕಿನ ಸಂದಿಗಳಿಗೆ ಇಳಿದರೆ, ಅದರಲ್ಲೂ ಬಿಗಿಯಾಗಿ ಅದುಮಿ ಕೂರಿಸಿದ ಚಕ್ರದ ಅಚ್ಚುಗಳ ಬುಡಕ್ಕೆ ಇಳಿದರೆ, ಪ್ಲಾಸ್ಟಿಕ್ ಬಿರುಕು ಬಿಟ್ಟು ಚಕ್ರ ಕೈಗೆ ಬರುತ್ತದೆ. ಮೊದಲು ಒಂದು ಖಾಲಿ ಸ್ಪ್ರೂ (ಕಿಟ್ಟಿನ ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟು) ತುಂಡನ್ನು ಬಾಗಿಸಿ ಕಟ್ಟಿ, ಅದರ ಮೇಲೆ ದ್ರವ ಹಾಕಿ ಒಂದು ರಾತ್ರಿ ಬಿಟ್ಟು ನೋಡಿ. ಒಡಲಿನ ಕೆಳಭಾಗಕ್ಕೂ ಬಣ್ಣ ತಪ್ಪದೆ ಹೊಡೆದಿರಬೇಕು. ಯಾರಿಗೂ ಕಾಣುವುದಿಲ್ಲವೆಂದು ಬಿಟ್ಟ ಜಾಗದಿಂದಲೇ ಥಿನ್ನರ್ ಒಳಹೊಗುವುದು. ವಾಶ್ (ತೀರಾ ತೆಳುವಾಗಿಸಿದ ಬಣ್ಣ) ಹಾಕುವಾಗ ಇಡೀ ಮೈಗೆ ಸುರಿಯದೆ, ಸಣ್ಣ ಬ್ರಷ್ಷಿನ ತುದಿಯನ್ನು ಬೋಲ್ಟಿನ ಬುಡಕ್ಕೋ ಬೆಸುಗೆಯ ಗೆರೆಗೋ ತಾಗಿಸಿದರೆ ಅದು ತಾನೇ ಹರಿದು ಸುತ್ತುವರಿಯುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಹೋಗಬಹುದು, ಏಕೆಂದರೆ ವೈಟ್ ಸ್ಪಿರಿಟ್ ಅಕ್ರಿಲಿಕ್ಕನ್ನು ಕರಗಿಸುವುದಿಲ್ಲ. ಎನಾಮೆಲ್ ಬಣ್ಣದ ಮೇಲೆ ಅದೇ ಕೆಲಸ ಮಾಡಿದರೆ ಕೆಳಗಿನ ಬಣ್ಣವೂ ಎದ್ದು ಬರುತ್ತದೆ.

ಬಾಲ್ಕನಿಯಲ್ಲಿ ಕೂತರೂ ಬಟ್ಟೆಯ ಮಾಸ್ಕ್ ನೆಚ್ಚಬೇಡಿ. ಅದು ಧೂಳು ತಡೆಯಬಹುದು, ಥಿನ್ನರಿನ ಆವಿಯನ್ನಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮುಖಗವಸು ಬೇಕು. ಮೇಲಿನ ಮನೆಯವರು ಒಗೆದ ಬಟ್ಟೆ ಒಣಗಿಸಿದ್ದಾರೆಯೇ ಎಂದು ನೋಡಿಕೊಳ್ಳುವುದೂ ಒಳ್ಳೆಯದು.

ನಿವೃತ್ತ_ಕಾರ್ಯಾಗಾರ

ಟ್ರ್ಯಾಕಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಇನ್ನೊಮ್ಮೆ ಬರೆಯುತ್ತಿದ್ದೇನೆ. ಟಿ-55ಕ್ಕೆ ಪ್ರತಿ ಬದಿಗೆ ಐದು ದೊಡ್ಡ ಚಕ್ರಗಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅಂತರ ಹೆಚ್ಚು. ಟ್ರ್ಯಾಕಿನ ಮೇಲ್ಭಾಗವನ್ನು ಎತ್ತಿಹಿಡಿಯುವ ಸಣ್ಣ ಉರುಳೆಗಳು ಇದಕ್ಕಿಲ್ಲ, ಆದ್ದರಿಂದ ಮೇಲಿನ ಟ್ರ್ಯಾಕು ಜೋತುಬಿದ್ದು ಚಕ್ರಗಳ ನೆತ್ತಿಯ ಮೇಲೆಯೇ ಕೂರುತ್ತದೆ. ಅದು ದಾರದಂತೆ ನೆಟ್ಟಗೆ ನಿಂತರೆ ಮಾದರಿಯ ತೂಕವೆಲ್ಲ ಹೋಗುತ್ತದೆ. ಕೆಂಗೇರಿಯವರು ಕೇಳಿದ ಭಾರ ಇಲ್ಲಿ ಸಿಗುತ್ತದೆ, ತುಕ್ಕಿನಲ್ಲಲ್ಲ. ಕಿಟ್ಟಿನ ಮೆತುವಾದ ಟ್ರ್ಯಾಕನ್ನೇ ಬಳಸುವುದಾದರೆ ಪ್ರತಿ ಚಕ್ರದ ನೆತ್ತಿಗೆ ಒಂದೊಂದು ಹನಿ ಸೂಪರ್ ಗ್ಲೂ ಹಾಕಿ, ಒಣಗುವವರೆಗೆ ಫೆಂಡರಿನ ಕೆಳಗೆ ಸ್ಪಂಜಿನ ತುಂಡು ತುರುಕಿ ಅದುಮಿಡಿ.

ಇದು ರಬ್ಬರ್ ಪ್ಯಾಡಿಲ್ಲದ ಬರಿಯ ಉಕ್ಕಿನ ಟ್ರ್ಯಾಕು. ನೆಲಕ್ಕೆ ತಾಗುವ ಏಣುಗಳು, ಚಕ್ರಗಳ ನಡುವೆ ಓಡುವ ಹಲ್ಲುಗಳು, ಟ್ರ್ಯಾಕನ್ನು ಎಳೆಯುವ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಅಂಚು ಇವು ಸದಾ ಉಜ್ಜಿಕೊಂಡು ಬೆಳ್ಳಗೆ ಹೊಳೆಯುತ್ತಿರುತ್ತವೆ. ನದಿಯ ಉರುಟು ಕಲ್ಲುಗಳ ಮೇಲೆ ಓಡಿದ ಗಾಡಿಯಲ್ಲಿ ಈ ಹೊಳಪು ಇನ್ನೂ ಹೆಚ್ಚು. ಉಳಿದ ಭಾಗಕ್ಕೆ ಕಪ್ಪುಗಂದು ಬಳಿದು, ಏಣುಗಳ ಮೇಲೆ 6ಬಿ ಪೆನ್ಸಿಲನ್ನು ಅಡ್ಡಲಾಗಿ ಎಳೆಯಿರಿ. ಚಕ್ರಗಳ ಅಂಚಿಗಿರುವುದು ರಬ್ಬರ್. ಅಲ್ಲಿ ಲೋಹದ ಹೊಳಪು ಬರಬಾರದು.

ಬಸವನಗುಡಿ_ಸ್ಪ್ರೂ

ಹುಸಿ ಉರುಳೆಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಿಯಾಗಿದೆ. ಹ್ಯಾಚುಗಳ ಉಬ್ಬನ್ನು ಉಜ್ಜಿ ತೆಗೆಯುತ್ತಿದ್ದೇನೆ. ಉರುಳೆಗೆ ಒಡಲಿಗಿಂತ ತುಸು ಬೇರೆಯಾದ ಹಸಿರನ್ನು ಕೊಡಬೇಕೆಂದಿದ್ದೇನೆ, ಏಕೆಂದರೆ ಅದು ಗಾಡಿಯೊಡನೆ ಹುಟ್ಟಿ ಬಂದದ್ದಲ್ಲ, ಆಮೇಲೆ ತೊಡಿಸಿದ್ದು. ಹೇರ್‌ಸ್ಪ್ರೇ ವಿಧಾನವನ್ನು ಫೆಂಡರುಗಳಿಗೆ ಮಾತ್ರ ಬಳಸುತ್ತೇನೆ. ಕೆಂಗೇರಿ ಅವರಿಗೂ ಹಿರಿಯರಿಗೂ ನಡುವೆ ರಾಜಿಯಾಗಬಹುದಾದ ಜಾಗ ಅದೊಂದೇ ಎಂದು ತೋರುತ್ತದೆ. ಕೊನೆಯದಾಗಿ, ಧೂಳಿನ ಪುಡಿ ಉದುರದಂತೆ ಅದರ ಮೇಲೆ ವಾರ್ನಿಷ್ ಹೊಡೆಯಬಹುದೇ?

ಮಲ್ಲೇಶ್ವರ_ಶಿಲೆ

ಬೇಡ. ವಾರ್ನಿಷ್ ಬಿದ್ದ ಕೂಡಲೇ ತಿಳಿಗಂದು ಪುಡಿ ಒದ್ದೆ ಮಣ್ಣಿನಂತೆ ಕಪ್ಪಾಗಿ, ಹಾಕಿದ ಧೂಳಿನ ಅರ್ಧಭಾಗ ಕಾಣದಂತಾಗುತ್ತದೆ. ಡೆಕಾಲ್ (ಅಂಟಿಸುವ ಗುರುತಿನ ಚಿತ್ರ), ವಾಶ್, ಎಣ್ಣೆಬಣ್ಣ ಎಲ್ಲ ಮುಗಿದು ಮ್ಯಾಟ್ ವಾರ್ನಿಷ್ ಒಣಗಿದ ನಂತರವೇ ಪುಡಿಯನ್ನು ಒಣದಾಗಿ ಮೂಲೆಗಳಿಗೆ ಉದುರಿಸಿ. ಬ್ರಷ್ಷಿನ ತುದಿಯಿಂದ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲನ್ನು ಪಕ್ಕಕ್ಕೆ ತಾಗಿಸಿದರೆ ಅದು ಹರಿದು ಪುಡಿಯನ್ನು ಕೂರಿಸುತ್ತದೆ. ಆದರೆ ಅಕ್ರಿಲಿಕ್ ಬಣ್ಣದ ಮೇಲೆ ಆಲ್ಕೋಹಾಲ್ ಬಿದ್ದ ಜಾಗವನ್ನು ಉಜ್ಜಿದರೆ ಬಣ್ಣ ಏಳುತ್ತದೆ. ತಾಗಿಸಿ ಬಿಡಬೇಕು, ಅಷ್ಟೇ. ಕೆಳಗಿನ ಒಡಲಿಗೆ ಹೆಚ್ಚು, ಟರೆಟ್ಟಿನ ನೆತ್ತಿಗೆ ಕಡಿಮೆ, ಸಿಬ್ಬಂದಿ ಓಡಾಡುವ ಜಾಗಕ್ಕೆ ಇನ್ನೂ ಕಡಿಮೆ. ನೆಲಹಾಸಿನ ಮರಳನ್ನು ಮಾತ್ರ ನೀರು ಬೆರೆಸಿದ ಫೆವಿಕಾಲಿನಿಂದ ಅಂಟಿಸಬಹುದು. ಆಗಲೂ ಟ್ಯಾಂಕನ್ನು ಅದರ ಮೇಲೆ ಮೊದಲೇ ಒತ್ತಿ ಟ್ರ್ಯಾಕಿನ ಅಚ್ಚು ಮೂಡಿಸಿಕೊಳ್ಳಿ. ಜಲ್ಲಿ ಒಣಗಿ ಗಟ್ಟಿಯಾದ ಮೇಲೆ ಇಟ್ಟರೆ ಗಾಡಿ ನೆಲದ ಮೇಲೆ ತೇಲುತ್ತಿರುವಂತೆ ಕಾಣುತ್ತದೆ.